ರೆಫ್ರೀ ಸಾಹೇಬರ ಮೈಕಿಗೆ ಕಮಲಾಪುರದಿಂದ ಒಂದು ಸಲಾಮು

ಕಮಲಾಪುರ,
ಜನವರಿ ೧೯೯೪

ಬಾಲಕರ ಫುಟ್‌ಬಾಲ್ ಪಂದ್ಯಾವಳಿಯ ಮುಖ್ಯ ರೆಫ್ರೀ ಸಾಹೇಬರಿಗೆ,
ಕಲಬುರಗಿ.

ಮಾನ್ಯರೇ,

ತಮ್ಮ ಸೀಟಿಗೂ, ಅದನ್ನು ಕೊರಳಲ್ಲಿ ಹೊತ್ತಿರುವ ಕೆಂಪು ದಾರಕ್ಕೂ, ಎಷ್ಟು ಓಡಿದರೂ ಇಸ್ತ್ರಿಯ ಗೆರೆ ಮುರಿಯದ ತಮ್ಮ ಕರಿ ಚಡ್ಡಿಗೂ, ಎಲ್ಲಕ್ಕಿಂತ ಹೆಚ್ಚಾಗಿ ಕೋಟೆಯ ಆಚೆಗಿನ ಮೈದಾನದಲ್ಲಿ ಬೇವಿನ ಮರಕ್ಕೆ ಕಟ್ಟಿಸಿರುವ ತಮ್ಮ ಮೈಕಿಗೂ ನನ್ನ ಸಾಷ್ಟಾಂಗ ನಮಸ್ಕಾರಗಳು. ತಾವು ಮನೆಮಂದಿಯೊಡನೆ ಕ್ಷೇಮವಾಗಿದ್ದೀರೆಂದೂ, ತಮ್ಮ ಗಂಟಲು ಎಂದಿನಂತೆ ಗಟ್ಟಿಯಾಗಿದೆಯೆಂದೂ ನಂಬಿದ್ದೇನೆ. ನಾನು ಕಮಲಾಪುರ–ಕಲಬುರಗಿ ಬಸ್ಸಿನ ಕಂಡಕ್ಟರ್ ದೇವೀಂದ್ರಪ್ಪ. ನನ್ನ ಮಗ ಅಣವೀರಪ್ಪ ಕಲಬುರಗಿಯ ಶಾಲೆಯೊಂದರಲ್ಲಿ ಎಂಟನೆಯ ಇಯತ್ತೆ ಓದುತ್ತಾನೆ, ಬೆಳಿಗ್ಗೆ ನನ್ನ ಬಸ್ಸಿನಲ್ಲೇ ಹೋಗಿ ಸಂಜೆ ನನ್ನ ಬಸ್ಸಿನಲ್ಲೇ ಬರುತ್ತಾನೆ, ನಡುವೆ ಆ ಶಾಲೆಯ ತಂಡದಲ್ಲಿ ಫುಟ್‌ಬಾಲ್ ಆಡುತ್ತಾನೆ. ತಾವು ನನ್ನನ್ನು ಒಮ್ಮೆ ಕಂಡಿದ್ದೀರಿ. ನೆನಪಿರಲಿಕ್ಕಿಲ್ಲ, ಏಕೆಂದರೆ ಅಂದು ನಾನು ಯಾವ ತಪ್ಪನ್ನೂ ಮಾಡಿರಲಿಲ್ಲ.

ಒಂದು ಪೋಸ್ಟ್ ಕಾರ್ಡು ಬರೆದಿದ್ದರೆ ಸಾಕಿತ್ತಲ್ಲ, ಪತ್ರಿಕೆಗೆ ಕಳಿಸುವ ಅಗತ್ಯವೇನಿತ್ತು ಎಂದು ತಾವು ಕೇಳಬಹುದು. ಸಾಕಿತ್ತು. ಆದರೆ ಒಬ್ಬನಿಗೆ ಹೇಳಬೇಕಾದದ್ದನ್ನು ಊರಿಗೆಲ್ಲ ಕೇಳುವಂತೆ ಹೇಳಿದರೇ ಅದಕ್ಕೆ ತೂಕ ಎಂಬ ಪಾಠವನ್ನು ನಮ್ಮ ಭಾಗಕ್ಕೆ ಕಲಿಸಿದವರು ತಾವೇ ಆದ್ದರಿಂದ, ಗುರುವಿಗೆ ತಕ್ಕ ಶಿಷ್ಯನಾಗಲು ಪ್ರಯತ್ನಿಸುತ್ತಿದ್ದೇನೆ.

ತಾವು ಬರುವುದಕ್ಕೆ ಮೊದಲು ನಮ್ಮ ಹುಡುಗರ ಆಟ ಬಹಳ ಹಿಂದುಳಿದಿತ್ತು. ತಪ್ಪು ಮಾಡಿದ ಹುಡುಗನಿಗೆ ರೆಫ್ರೀ ಹಳದಿ ಕಾರ್ಡು ತೋರಿಸುತ್ತಿದ್ದರು, ಹುಡುಗ ತಲೆ ತಗ್ಗಿಸುತ್ತಿದ್ದ, ಅವರ ಮಾಸ್ತರರು ಹೊರಗಿನಿಂದ ಒಂದು ಮಾತು ಬೈಯುತ್ತಿದ್ದರು, ಅಷ್ಟಕ್ಕೇ ಮುಗಿಯುತ್ತಿತ್ತು. ಸಂಜೆಯೊಳಗೆ ಊರು ಅದನ್ನು ಮರೆತೇಬಿಡುತ್ತಿತ್ತು. ಇಂಥ ಮರೆವಿನಿಂದ ನಾಡು ಹೇಗೆ ಉದ್ಧಾರವಾದೀತು? ತಾವು ಬಂದಿರಿ, ಮೈಕು ತಂದಿರಿ. ಪಂದ್ಯ ಮುಗಿದ ಮೇಲೆ ಎರಡೂ ತಂಡಗಳನ್ನು ಸಾಲಾಗಿ ನಿಲ್ಲಿಸಿ, ಕಾರ್ಡು ಪಡೆದ ಹುಡುಗನ ಹೆಸರು, ಅವನ ತಂದೆಯ ಹೆಸರು, ಊರು ಅಥವಾ ಓಣಿ, ಕೊನೆಗೆ ಮಾಡಿದ ಅಪರಾಧ, ಹೀಗೆ ಒಂದೊಂದನ್ನೂ ಬಿಡಿಸಿ ಬಿಡಿಸಿ ಓದುವ ಪದ್ಧತಿ ಶುರುಮಾಡಿದಿರಿ. ಮೊದಲ ದಿನ ತಾವು ಮಾಡಿದ ಭಾಷಣ ನನಗೆ ಇನ್ನೂ ಬಾಯಿಪಾಠವಾಗಿದೆ: ಹೆಸರು ಊರಿಗೆ ತಿಳಿದರೆ ನಾಚಿಕೆ ಬರುತ್ತದೆ, ನಾಚಿಕೆ ಬಂದರೆ ಆಟ ಶುದ್ಧವಾಗುತ್ತದೆ. ನನ್ನ ಟ್ರಿಪ್ಪಿಗೆ ಇನ್ನೂ ಹೊತ್ತಿದ್ದುದರಿಂದ ನಾನು ಅಂದು ತಂತಿಬೇಲಿಯ ಪಕ್ಕದಲ್ಲಿ ಟಿಕೆಟ್ಟಿನ ಚೀಲ ತೂಗುಹಾಕಿಕೊಂಡು ನಿಂತಿದ್ದೆ. ಎಲ್ಲರಂತೆ ನಾನೂ ಚಪ್ಪಾಳೆ ಹೊಡೆದೆ.

ಫಲಗಳು ಬೇಗನೆ ಕಾಣಿಸಿಕೊಂಡವು. ಗೋಲು ಹೊಡೆದವರ ಹೆಸರು ಓದುವ ಪದ್ಧತಿಯನ್ನು ತಾವು ಇಟ್ಟುಕೊಂಡಿರಲಿಲ್ಲವಾದ್ದರಿಂದ, ಮೈಕಿನಲ್ಲಿ ಹೆಸರು ಕೇಳಬೇಕೆಂಬ ಆಸೆಯಿದ್ದ ಹುಡುಗರಿಗೆ ದಾರಿ ಒಂದೇ ಉಳಿಯಿತು. ಒಬ್ಬ ಗೋಲ್‌ಕೀಪರ್ ಹುಡುಗ ಬೇಕೆಂದೇ ಚೆಂಡನ್ನು ಬಿಡದೆ ಅಪ್ಪಿಕೊಂಡು ನಿಂತು ಕಾರ್ಡು ಗಳಿಸಿದ. ಮರುದಿನ ಅವನ ಅಜ್ಜಿ ಮಹಾಗಾಂವ ಕ್ರಾಸಿನಲ್ಲಿ ನನ್ನ ಬಸ್ಸು ಹತ್ತಿದವಳು ಸೀಟು ಸಿಗುವ ಮೊದಲೇ, "ನನ್ನ ಮೊಮ್ಮಗನ ಹೆಸರು ಮೈಕಿನ್ಯಾಗ ಬಂತ್ರೀ! ಬಾಲ್ ಬಿಡಲೇ ಇಲ್ಲಂತ, ಗಟ್ಟಿ ಹಿಡಕೊಂಡು ನಿಂತನಂತ!" ಎಂದು ಇಡೀ ಬಸ್ಸಿಗೆ ಹೇಳಿ, ಸೆರಗಿನ ತುದಿಯಲ್ಲಿದ್ದ ಸಕ್ಕರೆಯನ್ನು ಹತ್ತಿರದವರಿಗೆಲ್ಲ ಹಂಚಿದಳು. ನನ್ನ ಅಂಗೈಗೂ ಒಂದು ಚಿಟಿಕೆ ಬಿತ್ತು. ತಮ್ಮ ಪದ್ಧತಿಯಿಂದ ಸಂತೋಷಪಟ್ಟವರೂ ಇದ್ದಾರೆಂದು ತಿಳಿಯಲಿ ಎಂದೇ ಇದನ್ನು ಬರೆದೆ.

ಈಗ ನನ್ನ ಮಗನ ತಂಡದ ವಿಷಯಕ್ಕೆ ಬರುತ್ತೇನೆ. ಆ ತಂಡದಲ್ಲಿ ಹುಡುಗರು ಹದಿನಾಲ್ಕು, ನಂಬರಿನ ಅಂಗಿಗಳು ಹನ್ನೊಂದು. ಒಬ್ಬ ಹೊರಗೆ ಬಂದರೆ ಅವನ ಬೆವರಿನ ಅಂಗಿಯನ್ನೇ ಹಾಕಿಕೊಂಡು ಇನ್ನೊಬ್ಬ ಒಳಗೆ ಹೋಗಬೇಕು. ಕ್ವಾರ್ಟರ್ ಫೈನಲ್ಲಿನ ದಿನ ಏಳನೆಯ ನಂಬರಿನ ಶಫಿ ಎಂಬ ಹುಡುಗನ ಮೀನಖಂಡ ಹಿಡಿದುಕೊಂಡಿತು. ಕಲಬುರಗಿಯ ರೋಜಾ ಓಣಿಯಲ್ಲಿ ದರ್ಗಾದ ಹಾದಿಯ ಮೇಲೆ ಹೂವಿನ ಚಾದರ, ಅತ್ತರು, ಟೊಪ್ಪಿಗೆ ಮಾರುವ ಖಮರುದ್ದೀನ್ ಸಾಹೇಬರ ಮಗ ಅವನು, ನನ್ನ ಅಣವೀರನ ಬೆಂಚಿನ ಜೊತೆಗಾರ. ಶಫಿ ಕುಂಟುತ್ತ ಹೊರಗೆ ಬಂದು ಅಂಗಿ ಬಿಚ್ಚಿ ಕೊಟ್ಟ, ಅಣವೀರ ಅದನ್ನು ತೊಟ್ಟು ಒಳಗೆ ಹೋದ. ಅವರ ಮಾಸ್ತರರು, ಪಂದ್ಯದ ಲೆಕ್ಕ ಬರೆಯಲು ತಾವು ಕೂರಿಸಿದ್ದ ಮೇಜಿನವರಿಗೆ ಈ ಬದಲಾವಣೆಯನ್ನು ಹೇಳಿದರಂತೆ. ಮೇಜಿನವರು ಆಗ ಚಹಾ ಕುಡಿಯುತ್ತಿದ್ದರಂತೆ.

ಸ್ವಲ್ಪ ಹೊತ್ತಿನಲ್ಲಿ ಧೂಳಿನ ನಡುವೆ ಎದುರು ತಂಡದ ಒಬ್ಬ ಹುಡುಗ ಬಿದ್ದ, ಬಿದ್ದವನ ಕಾಲಿಗೆ ಏಳನೆಯ ನಂಬರಿನವನು ಒದ್ದ. ತಾವು ದೂರದಿಂದ ಸೀಟಿ ಊದುತ್ತ ಓಡಿಬಂದು, ಗುಂಪಿನ ಮೇಲೆ ಹಳದಿ ಕಾರ್ಡು ಎತ್ತಿ ಹಿಡಿದು, ನಂಬರು ಬರೆದುಕೊಂಡಿರಿ. ಪಂದ್ಯ ಮುಗಿದ ಮೇಲೆ ಮೈಕಿನ ಮುಂದೆ ನಿಂತು, ರೋಜಾದ ಖಮರುದ್ದೀನನ ಮಗ ಶಫಿ, ನೆಲಕ್ಕೆ ಬಿದ್ದ ಆಟಗಾರನನ್ನು ಒದ್ದದ್ದಕ್ಕಾಗಿ, ಎಂದು ಎರಡು ಸಲ ಓದಿದಿರಿ. ಮೊದಲ ಸಲ ಓದುವಾಗ ಮೈಕು ಕಿರುಗುಟ್ಟಿತೆಂದು ಎರಡನೆಯ ಸಲ. ಒದೆತ ಬಿದ್ದಾಗ ಶಫಿ ಬೇವಿನ ಬುಡದಲ್ಲಿ, ತಮ್ಮ ಮೈಕಿನ ತಂತಿಯ ಪಕ್ಕದಲ್ಲೇ, ಬರಿ ಬನಿಯನ್ನಿನಲ್ಲಿ ಕೂತು ಮೀನಖಂಡ ನೀವಿಕೊಳ್ಳುತ್ತಿದ್ದ. ಮೈದಾನದಲ್ಲೇ ಇಲ್ಲದವನಿಂದ ಮೈದಾನದೊಳಗೆ ಒದೆಸುವುದು ಪವಾಡವೆಂದೇ ಹೇಳಬೇಕು, ಮಾನ್ಯರೇ. ಇಷ್ಟರಲ್ಲಿ ನೆಲಕ್ಕೆ ಬಿದ್ದ ಆ ಹುಡುಗನ ಕಾಲು ಹೇಗಿದೆಯೆಂದು ಕೇಳುವುದು ಮಾತ್ರ ತಮಗೂ ಮೈಕಿಗೂ ಮರೆತುಹೋಯಿತು.

ಅಂದು ನಾನು ಮೈದಾನಕ್ಕೆ ಬಂದಿರಲಿಲ್ಲ. ಆದರೆ ಸಂಜೆಯ ಟ್ರಿಪ್ಪಿನಲ್ಲಿ ಕಲಬುರಗಿಯ ಜಗತ್ ಸರ್ಕಲ್ ದಾಟುವಷ್ಟರಲ್ಲಿ ಬಸ್ಸಿನ ತುಂಬ ಅದೇ ಮಾತು. ಒಬ್ಬರು, "ರೋಜಾದ ಹುಡುಗಂತ್ರೀ, ಬಿದ್ದವನ್ನ ಒದ್ದನಂತ" ಎಂದರೆ, ಇನ್ನೊಬ್ಬರು, "ಅವರಪ್ಪ ದರ್ಗಾದ ಮುಂದ ಕುಂತು ಹೂ ಮಾರ್ತಾನ, ಮಗ ಇಂಥಾ ಕೆಲಸ ಮಾಡ್ತಾನ" ಎಂದರು. ನನ್ನ ಮಗ ಡ್ರೈವರನ ಹಿಂದಿನ ಸೀಟಿನಲ್ಲಿ ಕಿಟಕಿಗೆ ಹಣೆ ಹಚ್ಚಿ ಕೂತಿದ್ದ. ದಣಿದಿದ್ದಾನೆ ಎಂದುಕೊಂಡೆ.

ಮನೆಯಲ್ಲಿ ಊಟಕ್ಕೆ ಕೂತಾಗ, ತಂದೆಯಾದವನ ಕರ್ತವ್ಯವೆಂದು, "ಆ ಶಫಿ ಸಂಗಾಟ ಇನ್ನ ಓಡಾಡಬ್ಯಾಡ. ಬಿದ್ದವನ್ನ ಒದಿಯೋನು ನಾಳಿ ನಿನ್ನೂ ಒದೀತಾನ" ಎಂದೆ.

ಅಣವೀರ ಮುರಿದ ರೊಟ್ಟಿಯನ್ನು ತಾಟಿಗೆ ಹಾಕಿದ. "ಅಪ್ಪಾ, ಒದ್ದಾಂವ ಶಫಿ ಅಲ್ಲ."

"ಮತ್ಯಾರು? ಮೈಕಿನ್ಯಾಗ ಹೇಳ್ಯಾರಲ್ಲ."

"ಅಂಗಿ ಅವಂದು ಅಪ್ಪಾ. ಕಾಲು ನಂದು."

ನನ್ನ ಹೆಂಡತಿ ಶಿವಕಾಂತಮ್ಮ ಬಡಿಯುತ್ತಿದ್ದ ರೊಟ್ಟಿಯನ್ನು ಹಾಗೇ ಬಿಟ್ಟು ಹೊರಗೆ ಬಂದಳು. ಯಾಕೆ ಒದ್ದೆ ಎಂದು ಕೇಳಿದಳು. ಆ ಹುಡುಗ ಅವ್ವನ ಮೇಲೆ ಬೈದ ಎಂದು ಇವನು ಹೇಳಿದ. "ನನ್ನ ಮ್ಯಾಲ ಬೈದ್ರ ನನಗ ಬಂದು ಹೇಳಬೇಕು. ಅದಕ್ಕಂತ ನೆಲಕ್ಕ ಬಿದ್ದಾಂವನ್ನ ಒದೀಬೇಕೇನೋ?" ಎಂದು ಅವಳು ಹಿಟ್ಟಿನ ಕೈಯಿಂದಲೇ ಅವನ ಬೆನ್ನಿಗೆ ಒಂದು ಬಿಟ್ಟಳು. ನಾನು ಕೇಳಿದ್ದು ಬೇರೆ. ಶಫಿಯ ಹೆಸರು ಓದುವಾಗ ಯಾಕೆ ಸುಮ್ಮನೆ ನಿಂತಿದ್ದೆ ಎಂದೆ. ಅವನು ತಾಟಿನಲ್ಲಿದ್ದ ರೊಟ್ಟಿಯನ್ನು ಚೂರುಚೂರು ಮಾಡಿದ. ಕೊನೆಗೆ, "ನನ್ನ ಹೆಸರಿನ ಹಿಂದ ನಿನ್ನ ಹೆಸರೂ ಓದ್ತಾರಲ್ಲ ಅಪ್ಪಾ. ನೀ ದಿನಾ ಬಸ್ಸಿನ್ಯಾಗ ಮಂದಿ ನಡುವ ನಿಂತಿರ್ತಿ" ಎಂದ.

ಮಾನ್ಯರೇ, ತಮಗೆ ಇಲ್ಲಿ ವಿಶೇಷ ಅಭಿನಂದನೆ ಸಲ್ಲಿಸಬೇಕು. ನಮ್ಮ ಹುಡುಗ ಸಿಟ್ಟಿನವನು, ಮೊಂಡ, ಆದರೆ ಮಾಡಿದ್ದನ್ನು ಮಾಡಿಲ್ಲ ಎಂದು ಅಡಗಿಸಿಟ್ಟವನಲ್ಲ. ಪಕ್ಕದ ಮನೆಯ ಹಂಚು ಒಡೆದಾಗಲೂ ತಾನೇ ಹೋಗಿ ಹೇಳಿ ಬಂದವನು. ಅಂಥವನಿಗೆ ನಾಚಿಕೆ ಬರಿಸುತ್ತೇನೆಂದು ತಾವು ಹೊರಟಿರಿ, ನಾಚಿಕೆ ಬಂತು, ನಾಚಿಕೆಯ ಕೈಹಿಡಿದುಕೊಂಡು ಹೆದರಿಕೆಯೂ ಬಂತು, ಆ ಹೆದರಿಕೆಯಲ್ಲಿ ಅವನು ಗೆಳೆಯನ ಹೆಸರನ್ನು ತನ್ನ ತಪ್ಪಿಗೆ ಹೊದಿಸಿ ಸುಮ್ಮನೆ ನಿಂತ. ನಾವಿಬ್ಬರೂ ಹದಿಮೂರು ವರ್ಷ ಸಾಕಿ ಕಲಿಸಲಾಗದ ವಿದ್ಯೆ ಇದು.

ವಾರದ ರಜೆ ಬಂದ ಕೂಡಲೇ ನಾನು ಮಗನನ್ನು ಕರೆದುಕೊಂಡು, ನಮ್ಮೂರಿನ ಕೆಂಪು ಬಾಳೆಹಣ್ಣಿನ ಒಂದು ಚಿಪ್ಪು ಹಿಡಿದುಕೊಂಡು ರೋಜಾಕ್ಕೆ ಹೋದೆ. ಶಫಿ ಅಂಗಡಿಯೊಳಗೆ ಕೂತು ಶಿಕ್ಷೆಯೆಂಬಂತೆ ಗುಲಾಬಿ ಪೋಣಿಸುತ್ತಿದ್ದ. ಶಾಲೆ ಬಿಟ್ಟ ಕೂಡಲೇ ಅಂಗಡಿ, ಅಂಗಡಿ ಮುಚ್ಚಿದ ಕೂಡಲೇ ಮನೆ, ಆಟ ಬಂದ್ ಎಂದು ಅವರ ತಂದೆ ಕಟ್ಟಪ್ಪಣೆ ಮಾಡಿದ್ದರಂತೆ. ಅಣವೀರ ಅಂಗಡಿಯ ಮೆಟ್ಟಿಲ ಕೆಳಗೇ ನಿಂತು, ನನ್ನ ಕಡೆಗೆ ನೋಡದೆ, ನಡೆದದ್ದನ್ನೆಲ್ಲ ಹೇಳಿದ. ಖಮರುದ್ದೀನ್ ಸಾಹೇಬರು ಕೈಯಲ್ಲಿದ್ದ ಅತ್ತರಿನ ಸೀಸೆಗೆ ಬಿರಡೆ ಹಾಕಿ ಪಕ್ಕಕ್ಕಿಟ್ಟರು. ಆಮೇಲೆ ಮಗನ ಕಡೆ ತಿರುಗಿದರು.

"ನೀ ಹೇಳಿದ್ಯಲ್ಲೋ, ನಾ ಅಲ್ಲ ಅಂತ."

"ಹೇಳಿದ್ದೆ ಅಬ್ಬಾ."

"ಹೌದು. ಹೇಳಿದ್ದಿ." ಅವರು ಗಡ್ಡ ಸವರಿಕೊಂಡು ನನಗೆ ಹೇಳಿದರು, "ನಂದೂ ಗಲತಿ ಅದರೀ ದೇವೀಂದ್ರಪ್ಪ. ಮಗ ಸಣ್ಣ ದನೀಲೆ ಹೇಳಿದ, ಮೈಕು ದೊಡ್ಡ ದನೀಲೆ ಹೇಳಿತು. ಇಷ್ಟು ದೊಡ್ಡ ದನಿ ಸುಳ್ಳು ಹೇಳ್ತದೇನು ಅಂದ್ಕೊಂಡೆ. ಇವನ ಬೂಟು ಹಳೇ ಸಾಮಾನಿನವಗ ಕೊಟ್ಟುಬಿಟ್ಟೀನಿ."

ಚಾದರ ಕೊಳ್ಳಲು ಬಂದವರೂ, ಹಾದಿಯಲ್ಲಿ ಹೋಗುವವರೂ, ಒದೆಯುವ ಹುಡುಗ ಇವನೇನಾ ಎಂದು ಇಣುಕಿ ನೋಡಿಕೊಂಡು ಹೋಗುತ್ತಿದ್ದರಂತೆ. ಒಬ್ಬ ಹಿರಿಯರು ಹೂವು ಕೊಳ್ಳುತ್ತ, ಈ ಹುಡುಗನ ಕೈಯಿಂದ ಬೇಡ, ನೀವೇ ಕಟ್ಟಿ ಕೊಡಿ ಎಂದರಂತೆ. ಇದನ್ನು ಹೇಳುವಾಗ ಖಮರುದ್ದೀನ್ ಸಾಹೇಬರ ದನಿ ಒಂದಿಷ್ಟೂ ಏರಲಿಲ್ಲ. ಅಣವೀರನ ತಲೆಯ ಮೇಲೆ ಕೈಯಿಟ್ಟು, "ಬಂದು ಹೇಳಿದಿ, ಛಲೋ ಆತು ಬೇಟಾ. ಆದ್ರ ನೀ ಹೇಳಿದ್ದು ನನ್ನ ಒಂದು ಜೋಡಿ ಕಿವೀಗೆ. ಅವರು ಹೇಳಿದ್ದು ಊರಿಗೆಲ್ಲ" ಎಂದರು. ಹುಡುಗರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನಾವು ಹೊರಡುವಾಗ ಶಫಿ ಹೂವಿನ ಬುಟ್ಟಿಯಿಂದ ತಲೆಯೆತ್ತದೆ, "ನನ್ನ ಅಂಗಿ ಒಗದಿಯೇನು?" ಎಂದು ಕೇಳಿದ. ಒಗೆದಿದ್ದೇನೆ ಎಂದು ಅಣವೀರ ಹೇಳಿದ.

ಅಲ್ಲಿಂದ ನಾಲ್ವರೂ ತಮ್ಮಲ್ಲಿಗೆ ಬಂದೆವು. ತಾವು ಆಟದ ಸಾಮಾನಿನ ಕೋಣೆಯಲ್ಲಿ ಚೆಂಡಿಗೆ ಗಾಳಿ ಹಾಕಿಸುತ್ತಿದ್ದಿರಿ. ಎದ್ದು ನಿಂತು ಕುರ್ಚಿ ಕೊಟ್ಟಿರಿ, ಕೊಡದ ನೀರನ್ನೂ ಕೊಟ್ಟಷ್ಟು ಮರ್ಯಾದೆಯಿಂದ ಮಾತಾಡಿಸಿದಿರಿ, ಪೂರ್ತಿ ಕೇಳಿದಿರಿ. ಕೇಳಿದ ಮೇಲೆ, "ನೋಡ್ರೀ, ರೆಫ್ರೀ ನಿರ್ಣಯ ಅಂತಿಮ. ಘೋಷಣೆ ಆಗಿಹೋಗ್ಯದ. ಅದನ್ನ ಹಿಂದಕ್ಕ ತಗೊಳ್ಳಿಕ್ಕೆ ಬರಂಗಿಲ್ಲ" ಎಂದಿರಿ.

"ಸಾಹೇಬ್ರ, ಆಗ ಶಫಿ ಮೈದಾನದಾಗೇ ಇರಲಿಲ್ರೀ" ಎಂದೆ.

"ಅಂಗಿ ಇತ್ತಲ್ರೀ" ಎಂದಿರಿ.

ಇಂಥ ನ್ಯಾಯಸೂಕ್ಷ್ಮದ ಮುಂದೆ ನನ್ನಂಥವನು ಏನು ಹೇಳಿಯಾನು? ತಾವೇ ಕರುಣೆಯಿಂದ ಒಂದು ಉಪಾಯ ಸೂಚಿಸಿದಿರಿ. ಓದಿದ ಹೆಸರನ್ನು ತೆಗೆಯಲು ಬರುವುದಿಲ್ಲ, ಆದರೆ ಇನ್ನೊಂದು ಹೆಸರು ಸೇರಿಸಲು ಯಾವ ಅಡ್ಡಿಯೂ ಇಲ್ಲ, ಹುಡುಗ ಒಪ್ಪಿದರೆ ಮುಂದಿನ ಪಂದ್ಯದ ದಿನ ಅವನದನ್ನೂ ಓದಿಬಿಡುತ್ತೇನೆ ಎಂದಿರಿ. ಅಣವೀರ ಎದ್ದು ನಿಂತ. "ಓದ್ರೀ ಸರ್, ನನ್ನ ಹೆಸರು ಓದ್ರಿ. ಅಪ್ಪನ ಹೆಸರೂ ಓದ್ರಿ. ಆದ್ರ ಶಫೀದು ತಪ್ಪಾಗಿ ಓದಿದ್ದೆ ಅಂತನೂ ಓದ್ರಿ" ಎಂದ. ಎರಡನೆಯದು ನಿಯಮದಲ್ಲಿ ಇಲ್ಲ ಎಂದು ತಾವು ಬಹಳ ವಿಷಾದದಿಂದ ಹೇಳಿದಿರಿ. ಆಗ ಖಮರುದ್ದೀನ್ ಸಾಹೇಬರು ಮಗನ ಕೈ ಹಿಡಿದು ಎದ್ದರು. "ನಡೀರಿ ದೇವೀಂದ್ರಪ್ಪ. ಇವನ ಹೆಸರು ತೊಳೀಲಿಕ್ಕಾಗದಿದ್ರ ಆ ಹುಡುಗಂದ್ಯಾಕ ರಾಡಿ ಮಾಡೋದು?"

ಶಿಕ್ಷೆ ಬೇಡವೆಂದು ನಾನು ಹೇಳುತ್ತಿಲ್ಲ, ಮಾನ್ಯರೇ. ನನ್ನ ಕೊರಳಲ್ಲೂ ಒಂದು ಸೀಟಿ ಇದೆ. ಟಿಕೆಟ್ಟಿಲ್ಲದೆ ಕೂತವನನ್ನು ಹಿಡಿದರೆ ದಂಡ ಹಾಕುತ್ತೇನೆ, ಮುಲಾಜಿಲ್ಲದೆ ಹಾಕುತ್ತೇನೆ. ಆದರೆ ಪ್ರತಿ ಸ್ಟಾಪಿನಲ್ಲಿ ಬಾಗಿಲಿಗೆ ಜೋತುಬಿದ್ದು, ಇಂಥ ಊರಿನ ಇಂಥವನ ಮಗ ಟಿಕೆಟ್ಟು ತೆಗೆದಿರಲಿಲ್ಲ ಎಂದು ಕೂಗುವಷ್ಟು ದೊಡ್ಡ ಆದರ್ಶ ನನಗಿನ್ನೂ ಒಲಿದಿಲ್ಲ. ಮರುದಿನ ಆ ಮನುಷ್ಯ ಅದೇ ಬಸ್ಸು ಹತ್ತಬೇಕು, ನನ್ನ ಮುಖ ನೋಡಿ ಚಿಲ್ಲರೆ ಕೊಡಬೇಕು. ನನ್ನ ಮಗನಿಗೆ ಶಿಕ್ಷೆಯಾಗಬೇಕಿತ್ತು, ಆಯಿತು. ಅವರ ಮಾಸ್ತರರು ವಿಷಯ ತಿಳಿದು ಅವನನ್ನು ಸೆಮಿಫೈನಲ್ಲಿಗೆ ಹೊರಗೆ ಕೂರಿಸಿದರು. ಶಿವಕಾಂತಮ್ಮ ಅವನನ್ನು ಒದೆಸಿಕೊಂಡ ಹುಡುಗನ ಶಾಲೆಯ ಬಾಗಿಲಿಗೆ ಕಳಿಸಿದಳು. ಅವನು ಅಲ್ಲಿ ನಿಂತು ತಪ್ಪಾಯಿತು ಎಂದು ಹೇಳಿದ, ಆ ಹುಡುಗ ಪ್ಯಾಂಟು ಮೇಲೆತ್ತಿ ಬಾವು ತೋರಿಸಿ, ನಾನೂ ಹಾಗೆ ಬೈಯಬಾರದಿತ್ತು ಎಂದನಂತೆ. ಇದಕ್ಕೆಲ್ಲ ಕರೆಂಟು ಬೇಕಾಗಲಿಲ್ಲ.

ಸೆಮಿಫೈನಲ್ಲಿನ ದಿನ ನಾನು ಜೊತೆಗಾರ ಕಂಡಕ್ಟರನೊಡನೆ ಪಾಳಿ ಬದಲಿಸಿಕೊಂಡು ಬಂದೆ. ಖಮರುದ್ದೀನ್ ಸಾಹೇಬರು ಅಂಗಡಿಗೆ ಪರದೆ ಎಳೆದು ಬಂದಿದ್ದರು. ಮಗನ ಆಟವನ್ನು ಅವರು ನೋಡಲು ಬಂದದ್ದು ಅದೇ ಮೊದಲು. ಶಫಿಗೆ ಬೂಟಿರಲಿಲ್ಲವಲ್ಲ, ಅಣವೀರ ತನ್ನ ಬೂಟು ಬಿಚ್ಚಿ ಕೊಟ್ಟ. ಅದು ದೊಡ್ಡದಾಗುತ್ತಿತ್ತು, ತುದಿಗೆ ಹಳೆಯ ಅರಿವೆ ತುರುಕಿ ತಾನೇ ಲೇಸು ಕಟ್ಟಿದ. ಆಟ ಶುರುವಾಯಿತು. ಶಫಿಯ ಕಾಲಿಗೆ ಚೆಂಡು ಬಂದಾಗಲೆಲ್ಲ ಬೇಲಿಯ ಕಡೆಯಿಂದ, "ಏ ಶಫಿ, ಒದಿಯೋ! ಬಿದ್ದವನ್ನ ಹುಡುಕಿ ಒದಿಯೋ!" ಎಂಬ ಕೂಗು. ಕೂಗುತ್ತಿದ್ದವರು ಪುಂಡರಲ್ಲ. ನಗರದ ಸಭ್ಯ ಗೃಹಸ್ಥರು, ಕೆಲವರು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದವರು. ತಾವು ತಿಳಿಸಿಕೊಟ್ಟಿದ್ದ ಹೆಸರನ್ನು ಅವರು ಬಳಸಿಕೊಳ್ಳುತ್ತಿದ್ದರು, ಅಷ್ಟೇ. ಅಣವೀರ ಬರಿಗಾಲಿನಲ್ಲಿ ಬೇಲಿಯುದ್ದಕ್ಕೂ ಓಡುತ್ತ, "ಒದ್ದಾಂವ ನಾನ್ರೀ! ಅಂವ ಅಲ್ರೀ, ನಾನು!" ಎಂದು ಕೂಗಿದ. ಹತ್ತಿರವಿದ್ದ ಐದಾರು ಮಂದಿಗೆ ಕೇಳಿಸಿತು. ಅವರು ನಕ್ಕರು.

ಆಟ ಮುಗಿಯಲು ಬಂದಾಗ ನಮ್ಮ ಹುಡುಗರ ಗೋಲಿನ ಮುಂದೆ ಎದುರು ತಂಡದವನೊಬ್ಬ ಕಾಲು ತೊಡರಿ ಶಫಿಯ ಮುಂದೆಯೇ ಮುಗ್ಗರಿಸಿ ಬಿದ್ದ. ಚೆಂಡು ಅವನ ಹೊಟ್ಟೆಯ ಹತ್ತಿರ, ಶಫಿಯ ಕಾಲಿಗೆ ಒಂದು ಗೇಣು ದೂರದಲ್ಲಿ. ಎತ್ತಿ ಹೊರಗೆ ಒದ್ದಿದ್ದರೆ ಮುಗಿದಿತ್ತು. ಇಡೀ ಮೈದಾನ ಹೋ ಎಂದಿತು. ಶಫಿ ನಿಂತುಬಿಟ್ಟ. ಕಾಲು ನೆಲಕ್ಕೆ ಹೂತಂತೆ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ತಾನು ಏನೂ ಮಾಡುತ್ತಿಲ್ಲವೆಂದು ಊರಿಗೆಲ್ಲ ತೋರಿಸುವವನಂತೆ ನಿಂತ. ಎದುರು ತಂಡದ ಇನ್ನೊಬ್ಬ ಹುಡುಗ ಬಂದು ಚೆಂಡನ್ನು ಮೆಲ್ಲಗೆ ಗೋಲಿನೊಳಗೆ ತಳ್ಳಿದ. ಅದೊಂದೇ ಗೋಲು. ನಮ್ಮ ಹುಡುಗರು ಸೋತರು.

ಆಗ ತಾವು ಮೈಕಿನ ಬಳಿ ಬಂದಿರಿ. ಇಂದು ಓದಲು ಒಂದು ಹೆಸರೂ ಇಲ್ಲವೆಂದು ತಿಳಿಸಲು ತಮಗೆ ಅತ್ಯಂತ ಹರ್ಷವಾಗುತ್ತಿದೆ, ನಮ್ಮ ಪದ್ಧತಿ ಫಲ ಕೊಟ್ಟಿದೆ, ಹುಡುಗರಲ್ಲಿ ಶಿಸ್ತು ಬಂದಿದೆ ಎಂದಿರಿ. ಚಪ್ಪಾಳೆ ಜೋರಾಗಿಯೇ ಆಯಿತು. ಬೇಲಿಯ ಈಚೆ ಖಮರುದ್ದೀನ್ ಸಾಹೇಬರು ಮಗನ ಬೂಟಿನ ಲೇಸು ಬಿಚ್ಚುತ್ತ, "ಯಾಕ ನಿಂತಿ ಬೇಟಾ?" ಎಂದು ಕೇಳಿದರು. ಶಫಿ, "ಕಾಲು ಎತ್ತಿದ್ರ ಒದ್ದಂಗ ಕಾಣ್ತಿತ್ತು ಅಬ್ಬಾ" ಎಂದ. ತಮ್ಮ ಮೈಕಿನ ಸದ್ದಿನಲ್ಲಿ ಇದು ತಮಗೆ ಕೇಳಿಸಿರಲಾರದೆಂದು ಇಲ್ಲಿ ಬರೆದು ತಿಳಿಸುತ್ತಿದ್ದೇನೆ. ತಾವು ಸಾಧಿಸಿದ ಶಿಸ್ತು ಇದೇ, ಮಾನ್ಯರೇ. ಹೀಗೇ ಮುಂದುವರಿದರೆ ಕೆಲವೇ ವರ್ಷಗಳಲ್ಲಿ ನಮ್ಮ ಭಾಗದ ಇಪ್ಪತ್ತೆರಡೂ ಹುಡುಗರು ಕೈಕಟ್ಟಿ ನಿಂತು ಚೆಂಡನ್ನು ನೋಡುವ ಪರಿಶುದ್ಧ ಫುಟ್‌ಬಾಲನ್ನು ತಾವು ಜಗತ್ತಿಗೆ ಕೊಡಬಲ್ಲಿರಿ.

ನನ್ನ ಬೇಡಿಕೆಗಳು ಸಣ್ಣವು. ಅಂದು ತಮ್ಮ ಘೋಷಣೆಯನ್ನು ಕೇಳಿದವರೆಲ್ಲರ ಮನೆಗೆ ತಾವು ಸೈಕಲ್ಲಿನಲ್ಲಿ ಹೋಗಿ, ಅವರ ಕಿವಿಯೊಳಗಿಂದ ಶಫಿಯ ಹೆಸರನ್ನು ಹುಷಾರಾಗಿ ಹೊರತೆಗೆದು, ಧೂಳು ಒರೆಸಿ, ರೋಜಾದ ಅಂಗಡಿಗೆ ಮುಟ್ಟಿಸಬೇಕು. ಕೇಳಿದವರಲ್ಲಿ ಕೆಲವರು ಹುಮನಾಬಾದು, ಬೀದರದ ಕಡೆಗೆ ಹೋಗಿರಬಹುದು. ಕಮಲಾಪುರದವರೆಗಿನ ಟಿಕೆಟ್ಟು ನನ್ನದು, ಮುಂದಿನದನ್ನು ತಾವು ನೋಡಿಕೊಳ್ಳಬೇಕು. ಅದು ತ್ರಾಸವೆನಿಸಿದರೆ, ಉಗುಳಿದ ಮಾತನ್ನು ತಿರುಗಿ ನುಂಗುವಂಥ ಮೈಕೊಂದನ್ನು ಎಲ್ಲಿಂದಲಾದರೂ ತರಿಸಬೇಕು. ಅದೂ ಸಿಗದಿದ್ದರೆ, ಇರುವ ಮೈಕಿನಲ್ಲೇ 'ನನ್ನಿಂದ ತಪ್ಪಾಯಿತು' ಎಂಬ ಎರಡು ಶಬ್ದ ಹೇಳಬಹುದು. ಮೂರರಲ್ಲಿ ಇದೇ ಅತ್ಯಂತ ಅಸಾಧ್ಯವಾದದ್ದೆಂದು ತಿಳಿದೇ ಇದನ್ನು ಕೊನೆಗೆ ಇಟ್ಟಿದ್ದೇನೆ.

ಶಫಿ ಈಗ ಪಂದ್ಯಾವಳಿಗೆ ಬರುವುದಿಲ್ಲ. ಆದರೆ ರವಿವಾರ ಅವರ ತಂದೆಯೇ ಅವನನ್ನು ನನ್ನ ಬಸ್ಸಿಗೆ ಹತ್ತಿಸುತ್ತಾರೆ. ಕಮಲಾಪುರದಲ್ಲಿ ನಮ್ಮ ಮನೆಯ ಹಿಂದಿನ ಬಯಲಿನಲ್ಲಿ ಹುಡುಗರಿಬ್ಬರೂ ಆಡುತ್ತಾರೆ, ರೆಫ್ರೀ ಇಲ್ಲ, ನಂಬರಿನ ಅಂಗಿಯೂ ಇಲ್ಲ. ಮೊದಲ ರವಿವಾರ ಅಣವೀರ ಆಡುತ್ತ ಜಾರಿಬಿದ್ದ. ಶಫಿ ಥಟ್ಟನೆ ನಿಂತು ಕೈ ಬೆನ್ನ ಹಿಂದೆ ಕಟ್ಟಿಕೊಂಡ. ಅಣವೀರ ಅವನನ್ನೇ ನೋಡುತ್ತ ಸ್ವಲ್ಪ ಹೊತ್ತು ಬಿದ್ದಲ್ಲೇ ಇದ್ದ. ಅಂದಿನಿಂದ ಅವನು ಬೇಕೆಂದೇ ಬೀಳತೊಡಗಿದ. ಚೆಂಡನ್ನು ಹೊಟ್ಟೆಯ ಪಕ್ಕಕ್ಕೆ ಇಟ್ಟುಕೊಂಡು ಧೂಳಿನಲ್ಲಿ ಅಂಗಾತ ಮಲಗಿ, "ಒದಿಯೋ! ಬಾಲ್ ಒದಿ! ನನಗ ಬಡದ್ರ ಬಡೀಲಿ!" ಎಂದು ಒದರುತ್ತಾನೆ. ಶಫಿ ಕಾಲೆತ್ತುತ್ತಾನೆ, ಇಳಿಸುತ್ತಾನೆ. ಅಂಗಿ ಒಗೆದು ಒಗೆದು ಸಾಕಾಯಿತೆಂದು ಶಿವಕಾಂತಮ್ಮ ಬೈಯುತ್ತಾಳೆ, ಬೀಳಬೇಡ ಎಂದು ಮಾತ್ರ ಒಮ್ಮೆಯೂ ಹೇಳಿಲ್ಲ. ಕಳೆದ ರವಿವಾರ ಎರಡು ಟ್ರಿಪ್ಪುಗಳ ನಡುವೆ ನಾನು ಹಿತ್ತಲ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಶಫಿ ಓಡಿಬಂದ, ಒಂದು ಕ್ಷಣ ತಡೆದ, ಆಮೇಲೆ ಚೆಂಡನ್ನು ಕಾಲ ತುದಿಯಿಂದ ಎತ್ತಿ ಅಣವೀರನ ಮೈಮೇಲಿಂದ ಹಾರಿಸಿ, ತಾನೂ ಅವನನ್ನು ಜಿಗಿದು ದಾಟಿ, ಹಿಂದಕ್ಕೆ ನೋಡದೆ ಬೇಲಿಯವರೆಗೂ ಓಡಿಬಿಟ್ಟ. ಬಿದ್ದಿದ್ದವನು ಬಿದ್ದಲ್ಲಿಂದಲೇ ಗೋಲು ಎಂದು ಕೂಗಿದ.

ಈ ಪತ್ರದಲ್ಲಿ ಮಕ್ಕಳ ಹೆಸರು ಬರೆದಿದ್ದೀಯಲ್ಲ, ನಿನಗೂ ನಮಗೂ ಏನು ವ್ಯತ್ಯಾಸ ಎಂದು ತಾವು ಕೇಳಬಹುದು. ಅಣವೀರ ಇದನ್ನು ಪಕ್ಕದಲ್ಲಿ ಕೂತು ಓದಿದ್ದಾನೆ, ಇರಲಿ ಎಂದಿದ್ದಾನೆ. ಶಫಿಯೂ ತಲೆಯಾಡಿಸಿದ. ಖಮರುದ್ದೀನ್ ಸಾಹೇಬರಂತೂ, "ಬರೀರಿ. ಒಮ್ಮಿ ತಪ್ಪಾಗಿ ಬಂದದ, ಒಮ್ಮಿ ಸರಿಯಾಗಿ ಬರ್ಲಿ" ಎಂದರು.

ತಮ್ಮ ಸೀಟಿಯ ಸದ್ದಿಗೆ ಈಗಲೂ ಗೌರವದಿಂದ, ಮೈಕಿನ ಸದ್ದಿಗೆ ಎರಡೂ ಕಿವಿ ಮುಚ್ಚಿಕೊಂಡು ನಿಲ್ಲುವ,

ತಮ್ಮ ವಿಶ್ವಾಸಿ,
ದೇವೀಂದ್ರಪ್ಪ, ಕಂಡಕ್ಟರ್

ತಾಜಾ ಕಲಂ: ಪತ್ರಿಕೆಯ ಸಂಪಾದಕರು ಇದನ್ನು ಓದಿ, ರೆಫ್ರೀಯವರ ಹೆಸರು ಬರೆಯುವುದನ್ನು ಮರೆತಿದ್ದೀರಿ, ಹೆಸರು, ತಂದೆಯ ಹೆಸರು, ಓಣಿ ಸಹಿತ ಕೊಟ್ಟರೆ ದಪ್ಪ ಅಕ್ಷರದಲ್ಲಿ ಹಾಕುತ್ತೇವೆ ಎಂದು ಹೇಳಿ ಕಳಿಸಿದ್ದರು. ಮೂರೂ ನನಗೆ ಗೊತ್ತು. ತಮಗೂ ಶಾಲೆಗೆ ಹೋಗುವ ಒಬ್ಬ ಮಗಳಿದ್ದಾಳೆಂದು ಕೇಳಿದ್ದೇನೆ, ಅದಕ್ಕೇ ಬರೆಯಲಿಲ್ಲ.